ನಕ್ಷೆಯಿಂದ ಬಾಗಲಕೋಟೆ ಮಾಯವಾದದ್ದು ಹೇಗೆ?

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ನನಗೊಂದು ಇ-ಮೇಲ್ ಬಂತು. ಒಂದೇ ಸಾಲು. "ಮೇಡಂ, ನಿಮ್ಮ ನಕ್ಷೆದಾಗ ನಮ್ಮ ಬಾಗಲಕೋಟಿ ಎಲ್ಲಿ ಹೋತ್ರಿ?"

ಬರೆದಾತ ಆ ಜಿಲ್ಲೆಯ ಒಬ್ಬ ಡಿಗ್ರಿ ವಿದ್ಯಾರ್ಥಿ. ಹಿಂದಿನ ದಿನವಷ್ಟೇ ನನ್ನದೊಂದು ಲೇಖನ ಪ್ರಕಟವಾಗಿತ್ತು. ಲಕ್ಷ ಜನರಿಗೆ ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ ಅಂತ ಜಿಲ್ಲಾವಾರು ಲೆಕ್ಕ ಹಾಕಿ, ನಕ್ಷೆ ಬಿಡಿಸಿ, "ಹಿಂದುಳಿದ ಜಿಲ್ಲೆಗಳ ಹೆಸರಲ್ಲಿ ಎಲ್ಲ ಸರ್ಕಾರಗಳೂ ಭಾಷಣ ಮಾಡಿವೆ, ಲೆಕ್ಕ ನೋಡೋಣ ಬನ್ನಿ" ಎಂಬ ಧಾಟಿಯಲ್ಲಿ ಬರೆದಿದ್ದೆ. ಅನ್ಯಾಯದ ಲೆಕ್ಕ ಕೇಳೋಕೆ ಹೊರಟ ನಕ್ಷೆಯಲ್ಲೇ ಒಂದು ಇಡೀ ಜಿಲ್ಲೆ ಇರಲಿಲ್ಲ. ಡೇಟಾ ಇಲ್ಲದ ಜಾಗ ತಿಳಿ ಬೂದು, ಕೇಂದ್ರಗಳು ಕಡಿಮೆ ಇರುವ ಜಾಗ ತಿಳಿ ಹಳದಿ. ನಾನು ನೋಡಿದ್ದೆ, ಸಂಪಾದಕರು ನೋಡಿದ್ದರು, ಡಿಸೈನರ್ ನೋಡಿದ್ದರು. ಮೂವರಿಗೂ ಕಾಣಲಿಲ್ಲ. ಆ ಊರಲ್ಲಿ ಇರೋ ಹುಡುಗನಿಗೆ ಕಂಡಿತು.

ನನ್ನ ಮೊದಲ ಅನುಮಾನ ಹೋಗಿದ್ದು ಹೆಸರಿನ ಮೇಲೆ. ಕರ್ನಾಟಕದ ಡೇಟಾ ಮುಟ್ಟಿದವರಿಗೆಲ್ಲ ಈ ತಲೆನೋವು ಗೊತ್ತು. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. 2011ರ ಜನಗಣತಿಯಲ್ಲಿ ಗುಲ್ಬರ್ಗ ಅಂತ ಇರೋದು ಇವತ್ತಿನ ಪಟ್ಟಿಯಲ್ಲಿ ಕಲಬುರಗಿ. ಬಿಜಾಪುರ ಹೋಗಿ ವಿಜಯಪುರ ಆಗಿದೆ. ಎರಡು ಪಟ್ಟಿಗಳನ್ನು ಹೆಸರಿನ ಆಧಾರದ ಮೇಲೆ ಜೋಡಿಸು ಅಂತ ಕಂಪ್ಯೂಟರಿಗೆ ಹೇಳಿದರೆ, ಹೆಸರು ತಾಳೆಯಾಗದ ಸಾಲುಗಳನ್ನು ಅದು ಸದ್ದಿಲ್ಲದೆ ಕೈಬಿಡಬಹುದು. ಎರಡು ಗಂಟೆ ಹೆಸರುಗಳನ್ನೇ ತಿದ್ದುತ್ತಾ ಕೂತೆ. ಎಲ್ಲ ಸರಿಯಾಗೇ ಇದ್ದವು.

ಕೊನೆಗೆ ಕಳ್ಳ ಸಿಕ್ಕಿದ್ದು ಮೂರನೇ ಸೆಲ್‌ನಲ್ಲಿ. ಜನಸಂಖ್ಯೆಯ ಪಟ್ಟಿಯ ಮೊದಲ ಸಾಲಲ್ಲಿ ಇಡೀ ರಾಜ್ಯದ ಮೊತ್ತ ಇತ್ತು. ಅದು ಜಿಲ್ಲೆ ಅಲ್ವಲ್ಲ, ಹಾಗಾಗಿ "ಮೊದಲ ಸಾಲು ತೆಗೆದುಹಾಕು" ಅಂತ ಒಂದು ಸಾಲಿನ ಕೋಡ್ ಬರೆದಿದ್ದೆ. ನಂತರ ಬೇರೇನೋ ನೋಡಲು ಮೇಲೆ ಹೋದವಳು ಅದೇ ಸೆಲ್ ಮೇಲೆ ಇನ್ನೊಮ್ಮೆ ಶಿಫ್ಟ್-ಎಂಟರ್ ಒತ್ತಿದ್ದೆ. ಅಷ್ಟೇ. ಎರಡನೇ ಸಲ ಓಡಿದಾಗ ರಾಜ್ಯದ ಮೊತ್ತ ಆಗಲೇ ಹೋಗಿತ್ತು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದ ಪಟ್ಟಿಯಲ್ಲಿ ಆಗ ಮೊದಲ ಸಾಲಲ್ಲಿದ್ದದ್ದು ಬಾಗಲಕೋಟೆ.

ಕೋಡ್‌ನಲ್ಲಿ ತಪ್ಪಿರಲಿಲ್ಲ. ಪರದೆಯ ಮೇಲೆ ಯಾವ ಕೆಂಪಕ್ಷರವೂ ಬರಲಿಲ್ಲ. ಯಾರಿಗಾದರೂ ಆ ನೋಟ್‌ಬುಕ್ ತೋರಿಸಿದ್ದರೆ, ಓದಿ "ಸರಿಯಾಗಿದೆ" ಅಂತಲೇ ಹೇಳುತ್ತಿದ್ದರು. ಈ ಲೇಖನ ಇರೋದೇ ಅದರ ಬಗ್ಗೆ. ಓದಿದಾಗ ಸರಿಯಾಗಿರೋದು, ಓಡಿದಾಗ ತಪ್ಪಾಗೋದು ಹೇಗೆ?

ನೋಟ್‌ಬುಕ್ ಅಂದ್ರೆ ಏನು?

ಕಾಲೇಜಲ್ಲಿ ನಾವು ಕಲಿತ ಪ್ರೋಗ್ರಾಮಿಂಗ್ ಹೀಗಿತ್ತು: ಒಂದು ಫೈಲ್ ಬರೆಯಬೇಕು, ಓಡಿಸಬೇಕು. ಕಂಪ್ಯೂಟರ್ ಮೊದಲ ಸಾಲಿಂದ ಕೊನೆಯ ಸಾಲಿನ ತನಕ ಹೋಗುತ್ತೆ, ಉತ್ತರ ಕೊಡುತ್ತೆ, ಎಲ್ಲ ಮರೆತು ಮಲಗುತ್ತೆ. ಮತ್ತೆ ಓಡಿಸಿದರೆ ಮತ್ತೆ ಮೊದಲಿಂದ.

ಡೇಟಾ ಜೊತೆ ಕೆಲಸ ಮಾಡುವವರಿಗೆ ಇದು ಕಿರಿಕಿರಿ. ದೊಡ್ಡ ಫೈಲ್ ಓದೋಕೇ ಐದು ನಿಮಿಷ ಬೇಕು, ಗ್ರಾಫ್‌ನ ಬಣ್ಣ ಬದಲಿಸಲು ಪ್ರತಿ ಸಲ ಐದು ನಿಮಿಷ ಕಾಯೋದು ಯಾರಿಗೆ ಬೇಕು? 2001ರಲ್ಲಿ ಫರ್ನಾಂಡೊ ಪೆರೆಸ್ ಎಂಬ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ ಪೈಥಾನ್ ಜೊತೆ ಮಾತುಕತೆಯಂತೆ ಕೆಲಸ ಮಾಡಲು ಐಪೈಥಾನ್ ಅನ್ನೋ ಸಾಧನ ಕಟ್ಟಿದ. 2011ರಲ್ಲಿ ಅದು ಬ್ರೌಸರ್‌ಗೆ ಬಂತು. 2014ರಲ್ಲಿ ಜುಪಿಟರ್ ಅಂತ ಹೆಸರಾಯಿತು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಭಾಷೆಗಳ ಹೆಸರು ಕೂಡಿಸಿ ಕಟ್ಟಿದ ಪದ ಅದು. ಇವತ್ತು ಗೂಗಲ್‌ನ ಕೊಲ್ಯಾಬ್ ಬಳಸುವ ಪ್ರತಿ ವಿದ್ಯಾರ್ಥಿಯೂ ಇದರದ್ದೇ ಒಂದು ರೂಪದಲ್ಲಿ ಕೆಲಸ ಮಾಡ್ತಿದ್ದಾನೆ. ಲ್ಯಾಪ್‌ಟಾಪ್ ಎಷ್ಟೇ ಹಳೆಯದಿರಲಿ, ಬ್ರೌಸರ್ ತೆರೆದರೆ ಸಾಕು.

ನೋಟ್‌ಬುಕ್‌ನಲ್ಲಿ ಕೋಡನ್ನು ಸೆಲ್ ಎಂಬ ಪುಟ್ಟ ಪೆಟ್ಟಿಗೆಗಳಾಗಿ ಬರೀತೀವಿ. ಒಂದು ಸೆಲ್ ಓಡಿಸಿದರೆ ಉತ್ತರ ಅದರ ಕೆಳಗೇ ಬರುತ್ತೆ. ನಡುನಡುವೆ ಮಾತಲ್ಲಿ ವಿವರಣೆ ಬರೀಬಹುದು, ನಕ್ಷೆ ಹಾಕಬಹುದು. ಪ್ರೋಗ್ರಾಂ ಅನ್ನೋದು ಮನುಷ್ಯರು ಓದೋಕೆ ಬರೆದ ಪ್ರಬಂಧದ ಹಾಗಿರಬೇಕು ಅಂತ ಡೊನಾಲ್ಡ್ ಕನೂತ್ 1984ರಲ್ಲೇ ವಾದಿಸಿದ್ದರು. ಆ ಆಸೆಗೆ ನೋಟ್‌ಬುಕ್ ತುಂಬ ಹತ್ತಿರ. 2016ರ ಫೆಬ್ರುವರಿಯಲ್ಲಿ ಗುರುತ್ವ ಅಲೆಗಳು ಸಿಕ್ಕವು ಅಂತ ಲೈಗೊ ವಿಜ್ಞಾನಿಗಳು ಘೋಷಿಸಿದಾಗ ಡೇಟಾ ಜೊತೆಗೆ ನೋಟ್‌ಬುಕ್ಕನ್ನೂ ಬಿಡುಗಡೆ ಮಾಡಿದರು. ಅಂದರೆ ಯಾವ ಊರಿನ ಎಂಎಸ್ಸಿ ವಿದ್ಯಾರ್ಥಿ ಬೇಕಾದರೂ ಆ ಸಿಗ್ನಲ್ ಅನ್ನು ಗದ್ದಲದಿಂದ ಹೆಕ್ಕಿ ತನ್ನ ಪರದೆಯ ಮೇಲೇ ನೋಡಬಹುದಿತ್ತು. "ನಂಬಿ" ಅನ್ನೋದರ ಬದಲು "ನೀವೇ ಓಡಿಸಿ ನೋಡಿ" ಅಂದರು. ನನ್ನ ಪ್ರಕಾರ ಇದು ಈ ಕಾಲದ ಬಹಳ ಪ್ರಜಾಸತ್ತಾತ್ಮಕ ನಡೆಗಳಲ್ಲಿ ಒಂದು. ಹಾಗಾಗಿ ನಾನು ನೋಟ್‌ಬುಕ್ ವಿರೋಧಿ ಅಲ್ಲ, ಮೊದಲೇ ಹೇಳಿಬಿಡ್ತೀನಿ.

ಪುಟ ಬೇರೆ, ನೆನಪು ಬೇರೆ

ಸಮಸ್ಯೆ ಇರೋದು ನೋಟ್‌ಬುಕ್‌ನ ಹಿಂದೆ ಕೂತಿರುವ ಕರ್ನಲ್ ಅನ್ನೋದರಲ್ಲಿ. ನೀವು ಓಡಿಸಿದ್ದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತೆ. ನೀವು ಓದ್ತಿರೋದು ಪುಟವನ್ನು, ಲೆಕ್ಕ ನಡೆಯೋದು ಕರ್ನಲ್‌ನ ನೆನಪಲ್ಲಿ. ಎರಡೂ ಒಂದೇ ಆಗಿರಬೇಕು ಅಂತ ಯಾವ ನಿಯಮವೂ ಇಲ್ಲ.

ಅಡುಗೆಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಾರಿಗೆ ಉಪ್ಪು ಹಾಕಿದ್ದೀರಿ. ಫೋನ್ ಬಂತು. ವಾಪಸ್ ಬಂದು ಮತ್ತೊಮ್ಮೆ ಹಾಕಿದಿರಿ. ಪುಸ್ತಕದ ರೆಸಿಪಿಯಲ್ಲಿ ಉಪ್ಪು ಒಂದೇ ಸಲ ಬರೆದಿದೆ, ಪಾತ್ರೆಯಲ್ಲಿ ಎರಡು ಸಲ ಬಿದ್ದಿದೆ. ರೆಸಿಪಿಯನ್ನು ಎಷ್ಟು ಸಲ ಓದಿದರೂ ತಪ್ಪು ಸಿಗಲ್ಲ. ನನ್ನ ಬಾಗಲಕೋಟೆ ಕತೆ ಇದೇ.

ಇನ್ನೂ ಸೂಕ್ಷ್ಮವಾದದ್ದು ಅಳಿಸಿದ ಸೆಲ್. ಬೆಳಿಗ್ಗೆ ಒಂದು ಸೆಲ್‌ನಲ್ಲಿ ಜನಸಂಖ್ಯೆಗೆ ಏನೋ ಹೆಸರು ಕೊಟ್ಟಿರ್ತೀರಿ. ಮಧ್ಯಾಹ್ನ ಆ ಸೆಲ್ ಬೇಡ ಅಂತ ಅಳಿಸ್ತೀರಿ. ಪುಟದಿಂದ ಹೋಯಿತು, ಕರ್ನಲ್‌ನ ನೆನಪಿಂದ ಹೋಗಲಿಲ್ಲ. ಕೆಳಗಿನ ಸೆಲ್‌ಗಳು ಆ ಭೂತದ ಮೇಲೇ ಲೆಕ್ಕ ಹಾಕ್ತಾ ಇರ್ತವೆ. ನಾಳೆ ಲ್ಯಾಪ್‌ಟಾಪ್ ತೆರೆದು ಓಡಿಸಿದರೆ "ಈ ಹೆಸರೇ ಇಲ್ಲ" ಅನ್ನುತ್ತೆ. ಇದು ಒಳ್ಳೆಯ ಸಂದರ್ಭ, ಕಡೇಪಕ್ಷ ಗೊತ್ತಾಯಿತು. ಮೇಲಿನ ಸೆಲ್ ತಿದ್ದಿ ಕೆಳಗಿನದನ್ನು ಓಡಿಸೋದು ಮರೆತರೆ ಅದೂ ಗೊತ್ತಾಗಲ್ಲ. ಹೊಸ ಕೋಡ್‌ನ ಕೆಳಗೆ ಹಳೆಯ ಉತ್ತರ ಗಂಭೀರವಾಗಿ ಕೂತಿರುತ್ತೆ.

2018ರ ಜುಪಿಟರ್‌ಕಾನ್ ಸಮ್ಮೇಳನದಲ್ಲಿ, ಜುಪಿಟರ್ ಅಭಿಮಾನಿಗಳೇ ತುಂಬಿದ್ದ ಸಭೆಯಲ್ಲಿ, ಜೋಯಲ್ ಗ್ರೂಸ್ ಅನ್ನೋರು "ನನಗೆ ನೋಟ್‌ಬುಕ್ ಇಷ್ಟ ಇಲ್ಲ" ಎಂಬ ಅರ್ಥದ ಶೀರ್ಷಿಕೆ ಇಟ್ಟುಕೊಂಡೇ ಭಾಷಣ ಮಾಡಿದರು. ಅವರ ಮುಖ್ಯ ತಕರಾರು ಇದೇ. ಮರುವರ್ಷ, 2019ರಲ್ಲಿ, ಬ್ರೆಜಿಲ್ ಮತ್ತು ನ್ಯೂಯಾರ್ಕ್‌ನ ಸಂಶೋಧಕರು ಗಿಟ್‌ಹಬ್‌ನಲ್ಲಿದ್ದ ಸುಮಾರು 14 ಲಕ್ಷ ನೋಟ್‌ಬುಕ್‌ಗಳನ್ನು ಪರಿಶೀಲಿಸಿದ ಅಧ್ಯಯನ ಬಂತು. ಅವರು ಮತ್ತೆ ಓಡಿಸಲು ಯತ್ನಿಸಿದವುಗಳಲ್ಲಿ ದೋಷವಿಲ್ಲದೆ ಕೊನೆ ಮುಟ್ಟಿದ್ದು ಶೇ 24ರಷ್ಟು. ಮೊದಲಿನ ಉತ್ತರವೇ ಮತ್ತೆ ಬಂದಿದ್ದು ಶೇ 4ರಷ್ಟರಲ್ಲಿ ಮಾತ್ರ. ಉಳಿದವೆಲ್ಲ ಸುಳ್ಳು ಅಂತ ಇದರರ್ಥ ಅಲ್ಲ. ಡೇಟಾ ಫೈಲ್ ಜೊತೆಗಿರಲಿಲ್ಲ, ಬಳಸಿದ ಲೈಬ್ರರಿ ಇರಲಿಲ್ಲ ಅಥವಾ ಬದಲಾಗಿತ್ತು, ಹೀಗೆ ಕಾರಣಗಳು ಹಲವು. ಆದರೆ ಬೇರೆಯವರು ಪರೀಕ್ಷಿಸಲಿ ಅಂತಲೇ ಹೊರಗಿಟ್ಟ ಲೆಕ್ಕಗಳಲ್ಲಿ ಬಹುಪಾಲು ಪರೀಕ್ಷೆಗೆ ಸಿಗಲೇ ಇಲ್ಲ ಅನ್ನೋದು ಸಣ್ಣ ಮಾತಲ್ಲ.

ಯಾರಾದರೂ ನಿಮಗೆ ನೋಟ್‌ಬುಕ್ ಕಳಿಸಿ "ನೋಡಿ ಪುರಾವೆ" ಅಂದರೆ, ಕೋಡ್ ಬರದವರೂ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪ್ರತಿ ಸೆಲ್‌ನ ಎಡಕ್ಕೆ ಚೌಕ ಆವರಣದೊಳಗೆ ಒಂದು ಸಂಖ್ಯೆ ಇರುತ್ತೆ. ಆ ಸೆಲ್ ಎಷ್ಟನೆಯದಾಗಿ ಓಡಿತು ಅನ್ನೋದನ್ನ ಅದು ಹೇಳುತ್ತೆ. ಮೇಲಿಂದ ಕೆಳಕ್ಕೆ 1, 2, 3, 4 ಅಂತ ಇದ್ದರೆ ಬರೆದವರು ಒಮ್ಮೆಯಾದರೂ ಮೊದಲಿಂದ ಓಡಿಸಿದ್ದಾರೆ. 7, 41, 12, 39 ಅಂತ ಕುಣಿದಾಡುತ್ತಿದ್ದರೆ ಆ ಉತ್ತರ ಯಾವ ದಾರಿಯಲ್ಲಿ ಬಂತು ಅಂತ ಬರೆದವರಿಗೂ ಗೊತ್ತಿರಲಿಕ್ಕಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಮೂರನೇ ಸೆಲ್‌ನ ಪಕ್ಕ 26 ಅಂತ ಇತ್ತು. ಕಣ್ಣೆದುರೇ ಇತ್ತು.

ಒಂದು ಎಕ್ಸೆಲ್ ಶೀಟಿನ ರಾಜಕೀಯ

"ಇದೆಲ್ಲ ಟೆಕ್ಕಿಗಳ ತಾಪತ್ರಯ, ನಮಗೇನು" ಅನ್ನೋರಿಗೆ 2010ರ ಒಂದು ಕತೆ ಹೇಳಬೇಕು. ಅದು ನೋಟ್‌ಬುಕ್‌ದಲ್ಲ, ಎಕ್ಸೆಲ್‌ದು. ಕಾಯಿಲೆ ಮಾತ್ರ ಒಂದೇ: ಲೆಕ್ಕ ಮಾಡಿದವರ ಕಂಪ್ಯೂಟರಿನೊಳಗೆ ಏನಾಯಿತು ಅಂತ ಹೊರಗಿನವರಿಗೆ ಕಾಣದೇ ಇರೋದು.

ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಆ ವರ್ಷ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದರೆ ಆರ್ಥಿಕ ಬೆಳವಣಿಗೆ ತೀವ್ರವಾಗಿ ಕುಸಿಯುತ್ತೆ, ಎರಡನೇ ಮಹಾಯುದ್ಧದ ನಂತರದ ಡೇಟಾದಲ್ಲಿ ಅಂಥ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ ಶೇ 0.1 ಅನ್ನೋದು ಅದರ ಸಾರ. 2008ರ ಬಿಕ್ಕಟ್ಟಿನ ನಂತರದ ಆ ದಿನಗಳಲ್ಲಿ ಸರ್ಕಾರಿ ವೆಚ್ಚ ಕಡಿತ ಮಾಡಬೇಕು ಅನ್ನೋರಿಗೆ ಇದು ಹಬ್ಬದೂಟ. ಬ್ರಿಟನ್ನಿನ ಜಾರ್ಜ್ ಆಸ್ಬೋರ್ನ್ ಇವರನ್ನು ಉಲ್ಲೇಖಿಸಿದರು. ಅಮೆರಿಕದ ಪಾಲ್ ರಯಾನ್ ತಮ್ಮ ಬಜೆಟ್ ಪ್ರಸ್ತಾವದಲ್ಲಿ ಇದನ್ನು ಬಳಸಿದರು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್‌ನಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಕ್ಲಾಸಿನ ಹೋಂವರ್ಕ್ ಆಗಿ ಈ ಪ್ರಬಂಧದ ಲೆಕ್ಕವನ್ನು ಮತ್ತೆ ಮಾಡುವ ಕೆಲಸ ಬಿತ್ತು. ಎಷ್ಟು ಮಾಡಿದರೂ ಅದೇ ಉತ್ತರ ಬರಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿ ಮೂಲ ಎಕ್ಸೆಲ್ ಶೀಟ್ ತರಿಸಿಕೊಂಡ. ಸರಾಸರಿಯ ಸೂತ್ರದಲ್ಲಿ ಐದು ಸಾಲು ಬಿಟ್ಟುಹೋಗಿದ್ದವು: ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. (ಅಕ್ಷರಮಾಲೆಯ ಮೊದಲಿನವರೇ ಯಾವಾಗಲೂ ಬಲಿ. ಬಾಗಲಕೋಟೆಗೆ ಒಳ್ಳೆ ಸಂಗಾತಿಗಳೇ ಸಿಕ್ಕಿದ್ದಾರೆ.) 2013ರಲ್ಲಿ ಹರ್ನ್‌ಡನ್ ತನ್ನ ಇಬ್ಬರು ಪ್ರಾಧ್ಯಾಪಕರ ಜೊತೆ ಪ್ರಕಟಿಸಿದ ಮರುಲೆಕ್ಕದಲ್ಲಿ ಆ ಮೈನಸ್ 0.1 ಹೋಗಿ 2.2 ಆಯಿತು.

ಇಲ್ಲಿ ಒಂದು ಎಚ್ಚರ ಬೇಕು. ಆ ಇಡೀ ವ್ಯತ್ಯಾಸ ಎಕ್ಸೆಲ್ ತಪ್ಪಿಂದಲೇ ಬಂದಿದ್ದಲ್ಲ, ಅದರ ಪಾಲು ಸಣ್ಣದು. ಕೆಲವು ದೇಶಗಳ ಕೆಲವು ವರ್ಷಗಳನ್ನು ಸೇರಿಸದೇ ಇದ್ದದ್ದು, ಒಂದೊಂದು ದೇಶಕ್ಕೆ ಎಷ್ಟು ತೂಕ ಕೊಡಬೇಕು ಅಂತ ಆರಿಸಿದ ರೀತಿ, ಇವುಗಳದ್ದೇ ದೊಡ್ಡ ಪಾಲು. ಲೇಖಕರು ಎಕ್ಸೆಲ್ ತಪ್ಪು ಒಪ್ಪಿಕೊಂಡರು, ತೀರ್ಮಾನ ಬಿಟ್ಟುಕೊಡಲಿಲ್ಲ. ಸಾಲ ಹೆಚ್ಚಿರೋ ದೇಶಗಳು ನಿಧಾನ ಬೆಳೀತವೆ ಅನ್ನೋ ವಾದ ಇವತ್ತಿಗೂ ಜೀವಂತ. ನನಗೆ ಮುಖ್ಯ ಅನ್ನಿಸೋದು ಇಷ್ಟು: ಶೀಟ್ ಕೈಗೆ ಸಿಗುವ ತನಕ ಈ ಯಾವ ಚರ್ಚೆಯೂ ಸಾಧ್ಯ ಇರಲಿಲ್ಲ. ಮೂರು ವರ್ಷ ಜಗತ್ತು ಒಂದು ಸಂಖ್ಯೆಯನ್ನು ನಂಬಿತು, ಅಥವಾ ಬೈದಿತು. ಪರೀಕ್ಷಿಸಲಿಲ್ಲ.

2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಎಕ್ಸೆಲ್ ಮಾದರಿಯ ಫೈಲ್‌ಗೆ ಕೋವಿಡ್ ಫಲಿತಾಂಶ ತುಂಬಿ, 65,536 ಸಾಲಿನ ಮಿತಿ ಮೀರಿದ್ದೆಲ್ಲ ಕತ್ತರಿಸಿಹೋಗಿ 15,841 ಪ್ರಕರಣಗಳು ಲೆಕ್ಕಕ್ಕೆ ಸಿಗದೇ ಹೋದವು. ಅವರ ಸಂಪರ್ಕಕ್ಕೆ ಬಂದವರಿಗೆ ಸಕಾಲದಲ್ಲಿ ಫೋನ್ ಹೋಗಲಿಲ್ಲ. ಅಲ್ಲೂ ಅಷ್ಟೇ, ಯಾವ ಕೆಂಪಕ್ಷರವೂ ಬರಲಿಲ್ಲ.

ನಮ್ಮಲ್ಲಿ? 2015ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರುವರಿಯಲ್ಲಿ. ಅಷ್ಟರೊಳಗೆ ಸೋರಿಕೆಯಾದ ಅಂಕಿ ಹಿಡಿದುಕೊಂಡು ನಾವೆಷ್ಟು ಟೀವಿ ಚರ್ಚೆ ನೋಡಿಲ್ಲ! ಪರ ಇರುವವರೂ ವಿರೋಧ ಇರುವವರೂ ಒಂದೇ ಪಿಡಿಎಫ್ ಎತ್ತಿ ಹಿಡಿದರು. ಲೆಕ್ಕ ಹೇಗೆ ಮಾಡಿದಿರಿ, ಓಡಿಸಿ ತೋರಿಸಿ ಅಂತ ಕೇಳುವ ಅಭ್ಯಾಸವೇ ನಮಗಿಲ್ಲ.

ಫಾರ್ಮ್ಯಾಟಿಂಗ್ ಅಂದ್ರೆ ಅಲಂಕಾರ ಅಲ್ಲ

ಲೆಕ್ಕ ತೋರಿಸೋದು ಅಂದಮೇಲೆ ಓದೋ ಹಾಗೂ ಇರಬೇಕಲ್ಲ. ಇಲ್ಲಿ ಬರೋದು ಫಾರ್ಮ್ಯಾಟಿಂಗ್: ಎಲ್ಲಿ ಸಾಲು ಮುರಿಯಬೇಕು, ಎಷ್ಟು ಜಾಗ ಬಿಡಬೇಕು, ಯಾವ ಉದ್ಧರಣ ಚಿಹ್ನೆ ಬಳಸಬೇಕು. ಇಂಜಿನಿಯರಿಂಗ್ ಓದುವಾಗ ಇದನ್ನ ನಾನು ಅಕ್ಷರ ದುಂಡಗೆ ಬರೆಯೋದರ ಸಮ ಅಂದುಕೊಂಡಿದ್ದೆ. ಪರೀಕ್ಷಕರಿಗೆ ಖುಷಿ ಆಗಲಿ ಅಂತ ಮಾಡೋದು.

2014ರ ಫೆಬ್ರುವರಿಯಲ್ಲಿ ಆಪಲ್ ತನ್ನ ಫೋನ್‌ಗಳಿಗೆ ಒಂದು ತುರ್ತು ಅಪ್‌ಡೇಟ್ ಬಿಟ್ಟಿತು. ನೀವು ಸಂಪರ್ಕಿಸಿದ ವೆಬ್‌ಸೈಟ್ ನಿಜವಾಗಿ ಅದೇನಾ ಅಂತ ತಾಳೆ ನೋಡುವ ಕೋಡ್‌ನಲ್ಲಿ "ವಿಫಲ, ಹೊರಗೆ ಹೋಗು" ಎಂಬ ಅರ್ಥದ ಒಂದು ಸಾಲು ಅಕಸ್ಮಾತ್ ಎರಡು ಸಲ ಬಿದ್ದಿತ್ತು. ಮೊದಲನೆಯದು ಷರತ್ತಿಗೆ ಒಳಪಟ್ಟಿತ್ತು. ಎರಡನೆಯದು ಯಾವ ಷರತ್ತೂ ಇಲ್ಲದೆ ಪ್ರತಿ ಸಲ ಓಡುತ್ತಿತ್ತು. ಹಾಗಾಗಿ ಮುಂದಿದ್ದ ಮುಖ್ಯ ತಪಾಸಣೆ ನಡೆಯುತ್ತಲೇ ಇರಲಿಲ್ಲ, ಆದರೂ "ಎಲ್ಲ ಸರಿ" ಅನ್ನೋ ಉತ್ತರ ಹೋಗುತ್ತಿತ್ತು. ಎರಡೂ ಸಾಲುಗಳು ಸಮವಾಗಿ ಒಳಕ್ಕೆ ಸರಿದು ಕೂತಿದ್ದರಿಂದ, ಓದುವವರ ಕಣ್ಣಿಗೆ ಎರಡೂ ಷರತ್ತಿನ ಕೆಳಗೇ ಇದ್ದಂತೆ ಕಂಡವು. ಒಂದು ಸ್ವಯಂಚಾಲಿತ ಫಾರ್ಮ್ಯಾಟರ್ ಓಡಿಸಿದ್ದರೆ ಎರಡನೇ ಸಾಲು ಹೊರಕ್ಕೆ ಸರಿದು ಎದ್ದು ಕಾಣುತ್ತಿತ್ತು.

ಅದು ಸಿ ಭಾಷೆ. ಅಲ್ಲಿ ಸಾಲು ಎಷ್ಟು ಒಳಗಿದೆ ಅನ್ನೋದು ಕಂಪ್ಯೂಟರಿಗೆ ಬೇಕಿಲ್ಲ, ಮನುಷ್ಯರಿಗೆ ಮಾತ್ರ. ಪೈಥಾನ್‌ನಲ್ಲಿ ಉಲ್ಟಾ: ಸಾಲಿನ ಮುಂದಿನ ಖಾಲಿ ಜಾಗವೇ ಅರ್ಥ. ಒಂದು ಸಾಲು ನಾಲ್ಕು ಸ್ಪೇಸ್ ಒಳಗಿದ್ದರೆ ಪ್ರತಿ ಜಿಲ್ಲೆಗೂ ಓಡುತ್ತೆ, ಹೊರಗಿದ್ದರೆ ಕೊನೆಯಲ್ಲಿ ಒಂದೇ ಸಲ. ಇದನ್ನು ಯಾವ ಫಾರ್ಮ್ಯಾಟರೂ ತಿದ್ದಲ್ಲ, ಯಾಕಂದ್ರೆ ಎರಡೂ ವ್ಯಾಕರಣಬದ್ಧ. ಹಾಗಾಗಿ ನಮ್ಮ ಹುಡುಗರು ವಾಟ್ಸಾಪ್‌ನಲ್ಲಿ ಕೋಡ್ ಹಂಚಿಕೊಳ್ಳೋದನ್ನ ಕಂಡಾಗ ನನಗೆ ಎದೆ ಧಸಕ್ ಅನ್ನುತ್ತೆ. ಎರಡು ನಕ್ಷತ್ರ ಚಿಹ್ನೆಗಳ ನಡುವಿನದ್ದು ಅಲ್ಲಿ ದಪ್ಪಕ್ಷರ ಆಗಿಬಿಡಬಹುದು. ಪೈಥಾನ್‌ಗೆ ಆ ನಕ್ಷತ್ರವೇ ಗುಣಾಕಾರ! ಫೈಲ್ ಆಗಿ ಕಳಿಸಿ ಮಾರಾಯ್ರೆ.

ಪೈಥಾನ್ ಕೋಡ್ ಹೇಗಿರಬೇಕು ಅನ್ನೋದಕ್ಕೆ 2001ರಿಂದಲೂ ಪೆಪ್ 8 ಎಂಬ ಮಾರ್ಗಸೂಚಿ ಇದೆ. ಸಾಲಿಗೆ 79 ಅಕ್ಷರ, ಒಳಗೆ ಸರಿಯೋಕೆ 4 ಸ್ಪೇಸ್ ಇತ್ಯಾದಿ. ಮಾರ್ಗಸೂಚಿ ಇದ್ದಮೇಲೆ ಜಗಳವೂ ಇರುತ್ತೆ. 2018ರಲ್ಲಿ ಬಂದ ಬ್ಲ್ಯಾಕ್ ಎಂಬ ಸಾಧನ ಆ ಜಗಳಕ್ಕೇ ಬಾಗಿಲು ಹಾಕಿತು. ನಿಮ್ಮಿಷ್ಟ ಏನು ಅಂತ ಅದು ಹೆಚ್ಚುಕಮ್ಮಿ ಕೇಳೋದೇ ಇಲ್ಲ, ತನ್ನ ರೀತಿಯಲ್ಲೇ ಜೋಡಿಸಿಕೊಡುತ್ತೆ. ಜೋಡಿಸೋಕೆ ಮುಂಚೆ ಮತ್ತು ನಂತರ ಕೋಡ್‌ನ ಅರ್ಥ ಒಂದೇ ಇದೆಯಾ ಅಂತ ತಾನೇ ಪರೀಕ್ಷಿಸಿಕೊಳ್ಳುತ್ತೆ. ಈಚೆಗೆ ರಫ್ ಎಂಬ ಇನ್ನೊಂದು ಸಾಧನ ಅದೇ ಕೆಲಸವನ್ನು ಕಣ್ಣು ಮಿಟುಕಿಸೋದರೊಳಗೆ ಮಾಡುತ್ತೆ. ಎರಡೂ ನೋಟ್‌ಬುಕ್‌ಗಳ ಮೇಲೂ ಕೆಲಸ ಮಾಡ್ತವೆ.

ಇದರಿಂದ ಏನು ಲಾಭ? ನಾನು ತಿದ್ದಿದ ಕೋಡ್ ನನ್ನ ಸಹೋದ್ಯೋಗಿಯ ಪರದೆಯಲ್ಲಿ ತೆರೆದಾಗ, ಅರ್ಥದಲ್ಲಿ ಬದಲಾದ ಸಾಲು ಮಾತ್ರ ಬಣ್ಣದಲ್ಲಿ ಕಾಣಬೇಕು. ನಾನು ಒಂದು ರೀತಿ, ಅವರು ಒಂದು ರೀತಿ ಜಾಗ ಬಿಡ್ತಾ ಹೋದರೆ ಪ್ರತಿ ಸಲವೂ ಇನ್ನೂರು ಸಾಲು ಬಣ್ಣ ಬಳಿದುಕೊಂಡು ಬರುತ್ತೆ. ಅದರಲ್ಲಿ ಲೆಕ್ಕ ಬದಲಿಸಿದ ಒಂದು ಸಾಲು ಅಡಗಿ ಕೂತರೆ ಯಾರಿಗೂ ಕಾಣಲ್ಲ.

ಹಗುರ ಎಡಿಟರ್‌ಗೆ ವಾಪಸ್

ನೋಟ್‌ಬುಕ್ ಫೈಲಿನ ಇನ್ನೊಂದು ತೊಂದರೆ ಇಲ್ಲೇ ಇದೆ. ನಮಗೆ ಚಂದ ಕಾಣುವ ಪುಟದ ಒಳಗೆ ಅದು ಜೇಸನ್ ಎಂಬ ರೂಪದ ಗೊಂಚಲು. ಕೋಡ್, ಉತ್ತರ, ಚಿತ್ರ, ಸೆಲ್ ಸಂಖ್ಯೆ ಎಲ್ಲ ಒಟ್ಟಿಗೆ ಸುತ್ತಿಟ್ಟಿರುತ್ತೆ. ನಕ್ಷೆಯ ಬಣ್ಣ ಬದಲಿಸಿದರೆ ಚಿತ್ರದ ಸಾವಿರಾರು ಅಕ್ಷರಗಳು ಬದಲಾಗ್ತವೆ. ಮುಖ್ಯವಾಗಿ, ಉತ್ತರಗಳೂ ಫೈಲ್‌ನಲ್ಲೇ ಉಳೀತವೆ. ಫಲಾನುಭವಿಗಳ ಪಟ್ಟಿಯ ಮೊದಲ ಐದು ಸಾಲು ನೋಡೋಣ ಅಂತ ನೀವು ಒಮ್ಮೆ ಮುದ್ರಿಸಿದ್ದರೆ, ಆ ಐದು ಜನರ ಹೆಸರು, ಫೋನ್ ನಂಬರ್ ನೋಟ್‌ಬುಕ್ ಜೊತೆಗೇ ಗಿಟ್‌ಹಬ್‌ಗೆ ಹೋಗುತ್ತೆ. ಡೇಟಾ ಫೈಲ್ ಹಾಕಲಿಲ್ಲ ಅಂತ ನೀವು ಸಮಾಧಾನ ಪಟ್ಟುಕೊಂಡಿರ್ತೀರಿ. ಕಳಿಸುವ ಮುಂಚೆ ಉತ್ತರಗಳನ್ನೆಲ್ಲ ಒರೆಸಿಹಾಕುವ ಎನ್‌ಬಿಸ್ಟ್ರಿಪ್‌ಔಟ್ ಎಂಬ ಪುಟ್ಟ ಸಾಧನ ಇದೆ, ಹಾಕಿಕೊಳ್ಳಿ.

ಬಾಗಲಕೋಟೆ ಪ್ರಸಂಗದ ನಂತರ ನಾನು ಪದ್ಧತಿ ಬದಲಿಸಿದೆ. ಹುಡುಕಾಟ ನೋಟ್‌ಬುಕ್‌ನಲ್ಲಿ, ಪ್ರಕಟಣೆ ಸಾದಾ ಫೈಲ್‌ನಿಂದ. ಡೇಟಾ ಹೇಗಿದೆ, ಯಾವ ಗ್ರಾಫ್ ಚೆನ್ನ ಅಂತ ಆಟ ಆಡುವಾಗ ನೋಟ್‌ಬುಕ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ತೀರ್ಮಾನ ಸಿಕ್ಕಮೇಲೆ ಆ ಕೋಡನ್ನು ಸಾದಾ ಪೈಥಾನ್ ಫೈಲ್‌ಗೆ ಇಳಿಸ್ತೀನಿ. ಮೇಲಿಂದ ಕೆಳಗೆ ಓಡುತ್ತೆ, ಹಳೆಯ ನೆನಪು ಇಲ್ಲ, ಭೂತ ಇಲ್ಲ. ಲೇಖನಕ್ಕೆ ಹೋಗುವ ಪ್ರತಿ ಸಂಖ್ಯೆಯೂ ಆ ಫೈಲ್ ಓಡಿದಾಗ ಬಂದದ್ದಾಗಿರಬೇಕು.

ಅದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ ಅನ್ನೋ ಎಡಿಟರ್ ಹೊಸಬರಿಗೆ ಹೇಳಿ ಮಾಡಿಸಿದ್ದು. ಕೋಡ್ ಒಂದೊಂದೇ ಹೆಜ್ಜೆ ಓಡೋದನ್ನ, ಪ್ರತಿ ಹೆಸರಲ್ಲೂ ಆ ಕ್ಷಣ ಏನಿದೆ ಅನ್ನೋದನ್ನ ತೋರಿಸುತ್ತೆ. ನನ್ನ ಹಳೆಯ 4 ಜಿಬಿ ಲ್ಯಾಪ್‌ಟಾಪಲ್ಲಿ ಜೀನಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಆರಾಮಾಗಿ ಓಡುತ್ತಿದ್ದವು. ವಿಎಸ್ ಕೋಡ್ ಸ್ವಲ್ಪ ಭಾರ, ಆದರೆ ಅದರಲ್ಲೊಂದು ಒಳ್ಳೆ ಸೌಕರ್ಯ ಇದೆ: ಸಾದಾ ಪೈಥಾನ್ ಫೈಲ್‌ನಲ್ಲೇ ಹ್ಯಾಶ್ ಚಿಹ್ನೆ, ಪಕ್ಕ ಎರಡು ಶೇಕಡಾ ಚಿಹ್ನೆ ಹಾಕಿದರೆ ಅಲ್ಲಿಂದ ಒಂದು ಸೆಲ್ ಶುರುವಾಗುತ್ತೆ. ಬೇಕಾದಾಗ ತುಂಡು ತುಂಡಾಗಿ ಓಡಿಸಿ, ಕೊನೆಗೆ ಇಡೀ ಫೈಲ್ ಓಡಿಸಿ. ಜುಪಿಟೆಕ್ಸ್ಟ್ ಅನ್ನೋದು ನೋಟ್‌ಬುಕ್ಕನ್ನೂ ಸಾದಾ ಫೈಲನ್ನೂ ಒಂದಕ್ಕೊಂದು ತಾಳೆ ಹಾಕಿ ಇಡುತ್ತೆ. ಮರಿಮೊ ಎಂಬ ಹೊಸ ನೋಟ್‌ಬುಕ್ ಇನ್ನೂ ಮುಂದೆ ಹೋಗಿದೆ. ಅದರಲ್ಲಿ ಫೈಲೇ ಸಾದಾ ಪೈಥಾನ್, ಒಂದು ಸೆಲ್ ಬದಲಿಸಿದರೆ ಅದನ್ನು ಅವಲಂಬಿಸಿದ ಸೆಲ್‌ಗಳೆಲ್ಲ ತಾವೇ ಮತ್ತೆ ಓಡ್ತವೆ, ಸೆಲ್ ಅಳಿಸಿದರೆ ಅದರ ಹೆಸರುಗಳೂ ನೆನಪಿಂದ ಹೋಗ್ತವೆ.

ನೋಟ್‌ಬುಕ್ ಬಿಡಲ್ಲ ಅನ್ನೋರು ಒಂದೇ ಒಂದು ಶಿಸ್ತು ಇಟ್ಟುಕೊಂಡರೂ ಸಾಕು: ಯಾರಿಗೂ ಏನೂ ಕಳಿಸುವ ಮುಂಚೆ ಮೆನುವಿನಲ್ಲಿ ಕರ್ನಲ್ ರೀಸ್ಟಾರ್ಟ್ ಮಾಡಿ ಎಲ್ಲ ಸೆಲ್ ಓಡಿಸುವ ಆಯ್ಕೆ ಒತ್ತಿ, ಚಹಾ ಕುಡಿದು ಬನ್ನಿ.

ನನ್ನ ಕೋಡ್‌ನಲ್ಲಿ ಆದ ಬದಲಾವಣೆ ಮೂರೇ. ಮೊದಲ ಸಾಲು ತೆಗಿ ಅನ್ನೋದರ ಬದಲು "ಕರ್ನಾಟಕ ಎಂಬ ಹೆಸರಿನ ಸಾಲು ತೆಗಿ" ಅಂತ ಬರೆದೆ. ಅದು ಹತ್ತು ಸಲ ಓಡಿದರೂ ಪರಿಣಾಮ ಒಂದೇ. ಮೂಲ ಪಟ್ಟಿಯನ್ನು ಮುಟ್ಟದೆ, ತಿದ್ದಿದ್ದಕ್ಕೆ ಬೇರೆ ಹೆಸರು ಕೊಟ್ಟೆ. ನಂತರ ಒಂದು ಕಾವಲು ಸಾಲು: ಜಿಲ್ಲೆಗಳ ಸಂಖ್ಯೆ 30 ಇಲ್ಲದಿದ್ದರೆ ಇಲ್ಲೇ ನಿಲ್ಲು. (ವಿಜಯನಗರ ಬೇರೆಯಾಗಿದ್ದು 2021ರಲ್ಲಿ. 2011ರ ಜನಸಂಖ್ಯೆ ಬಳಸಿದ್ದರಿಂದ ಅದನ್ನು ಬಳ್ಳಾರಿಯೊಳಗೇ ಎಣಿಸಿದ್ದೆ.) ಪೈಥಾನ್‌ನಲ್ಲಿ ಇದಕ್ಕೆ ಅಸರ್ಟ್ ಅಂತಾರೆ. ಇದೊಂದು ಸಾಲು ಮೊದಲೇ ಇದ್ದಿದ್ದರೆ ಆ ಶನಿವಾರ ಲೇಖನ ಪ್ರಕಟವಾಗ್ತಾ ಇರಲಿಲ್ಲ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ಕಾವಲು ಬೇಕು. ಯೂನಿಕೋಡ್‌ನಲ್ಲಿ "ಕೊ" ಅನ್ನೋದರ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೀಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಅಂತ ಎರಡಾಗಿಯೂ ಬರೀಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರ್‌ಗೆ ಎರಡು ಬೇರೆ ಪದ, ಹಾಗಾಗಿ ಕೊಪ್ಪಳ ಕೊಪ್ಪಳದ ಜೊತೆ ಕೂಡಲ್ಲ. ಜೋಡಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಆದೇಶ ಪೈಥಾನ್‌ನಲ್ಲೇ ಇದೆ. ನಾನು ಈಗ ಕಣ್ಣು ಮುಚ್ಚಿ ಹಾಕ್ತೀನಿ.

ಲೇಖನಕ್ಕೆ ತಿದ್ದುಪಡಿ ಹಾಕಿದೆವು. ಜಿಲ್ಲೆಗಳ ಸಾಲಿನಲ್ಲಿ ಎರಡು ಸ್ಥಾನ ಬದಲಾದವು, ರಾಜ್ಯದ ಸರಾಸರಿ ಕೊಂಚ ಸರಿಯಿತು. ಹೊಸ ಕೋಡ್, ಡೇಟಾ ಎರಡನ್ನೂ ಆ ಹುಡುಗನಿಗೇ ಮೊದಲು ಕಳಿಸಿದೆ. ಕಾಲೇಜಿನ ಲ್ಯಾಬಲ್ಲಿ ಓಡಿಸಿದ, ಓಡಲಿಲ್ಲ. ಫೈಲ್ ಎಲ್ಲಿದೆ ಅನ್ನೋ ಜಾಗದಲ್ಲಿ ನನ್ನ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನ ವಿಳಾಸ ಹಾಗೇ ಉಳಿದಿತ್ತು. ನಾಚಿಕೆಯಾಯಿತು. ಸರಿಮಾಡಿ ಮತ್ತೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು:

"30 ಬಂತ್ರಿ ಮೇಡಂ. ಬಾಗಲಕೋಟಿನೂ ಬಂತು. ಆದ್ರ ಒಂದು ಕೇಳ್ಲೇನ್ರಿ? ದವಾಖಾನಿ ಲೆಕ್ಕ ಈಗಿಂದು, ಮಂದಿ ಲೆಕ್ಕ 2011ರದು. ಹಂಗ ಭಾಗಿಸೋದು ಸರಿ ಅನಸ್ತದೇನ್ರಿ?"

2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ನಡೆಯಲೇ ಇಲ್ಲ. ಹಾಗಾಗಿ ಅವನ ಪ್ರಶ್ನೆಗೆ ಕೋಡ್‌ನಲ್ಲಿ ಉತ್ತರ ಇಲ್ಲ. ಮುಂದಿನ ವಾರ ಅದರ ಬಗ್ಗೆಯೇ ಬರೀತೀನಿ.